ತಾಯಿಯ ಮೇಲಿನ ಅಪವಾದ



ದಿಲ್ಲಿಯ ದಕ್ಷಿಣ ಅಂಚಿನಲ್ಲಿ ವಸಂತ್ ಕುಂಜ್ ಎಂಬ ಬಡಾವಣೆ ಇದೆ. ವಿಮಾನ ನಿಲ್ದಾಣಕ್ಕೆ ಹತ್ತಿರ. ತಾರಸಿಯ ಮೇಲೆ ನಿಂತು ಮಾತಾಡುವವರು ನಡುನಡುವೆ ಮಾತು ನಿಲ್ಲಿಸಿ, ವಿಮಾನ ದಾಟಿದ ಮೇಲೆ ಮುಂದುವರಿಸುತ್ತಾರೆ. ಒಂದು ಬದಿಗೆ ಅರಾವಳಿಯ ಕುರುಚಲು ಕಾಡು. ಇನ್ನೊಂದು ಬದಿಗೆ ದೊಡ್ಡ ದೊಡ್ಡ ಮಾಲ್‌ಗಳು. ನಡುವೆ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಕಟ್ಟಿಸಿದ ಫ್ಲಾಟುಗಳು. ದೆಹಲಿ ಕರ್ನಾಟಕ ಸಂಘ ಇರುವ ರಾಮಕೃಷ್ಣಪುರಂ ಇಲ್ಲಿಂದ ಹೆಚ್ಚು ದೂರವಿಲ್ಲ.

ಈ ಬಡಾವಣೆಯಲ್ಲಿ ಸಂಘ ಸಂಸ್ಥೆಗಳಿಗೆಂದೇ ಬಿಟ್ಟ ಒಂದು ಭಾಗವಿದೆ. ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಎಂಬ ಸಂಸ್ಥೆ ಹಲವು ವರ್ಷ ಅಲ್ಲಿಂದಲೇ ಕೆಲಸ ಮಾಡಿತು. ಸಾರ್ವಜನಿಕ ಆರೋಗ್ಯದ ಸಂಶೋಧನೆ ಅದರ ಕೆಲಸ. ಅದರ ಪ್ರಾಧ್ಯಾಪಕರಲ್ಲಿ ಒಬ್ಬರಾಗಿದ್ದವರು ಡಾ. ವಿಕ್ರಮ್ ಪಟೇಲ್. ಮುಂಬಯಿಯಲ್ಲಿ ಹುಟ್ಟಿದವರು, ಮನೋವೈದ್ಯರು. ಅವರು ಮತ್ತು ಅವರ ಜೊತೆಗಾರರು ಆಟಿಸಂ ಇರುವ ಮಕ್ಕಳ ಬಗ್ಗೆ ಮಾಡಿದ ಕೆಲಸವನ್ನು ಇವತ್ತು ನಿಮಗೆ ಹೇಳಬೇಕು.

ಆದರೆ ಆ ಕೆಲಸದ ಬೆಲೆ ತಿಳಿಯಬೇಕಾದರೆ ಇನ್ನೊಂದು ಕಥೆ ಮೊದಲು ಬರಬೇಕು. ವೈದ್ಯರು ತಾಯಿಯನ್ನು ಹೇಗೆ ಕಂಡರು ಎಂಬ ಕಥೆ ಅದು. ಒಂದು ಕಾಲಕ್ಕೆ ಅವರು ಆಕೆಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದರು. ಈಗ ಆಕೆಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದಾರೆ. ನನ್ನ ಮಾತೆಲ್ಲ ಈ ಬದಲಾವಣೆಯ ಸುತ್ತಲೇ.

ಆಟಿಸಂ ಎಂದರೇನು? ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಗುವಿಗೆ ಒಂದು ವರ್ಷ ದಾಟಿದೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಕಿವಿ ಕೇಳುತ್ತದೆ, ಆದರೂ ನೋಡುವುದಿಲ್ಲ. ಒಂದೂವರೆ ವರ್ಷವಾದರೂ ಬೆರಳು ಮಾಡಿ ‘ಅದೋ ಕಾಗೆ’ ಎಂದು ತೋರಿಸುವುದಿಲ್ಲ. ಬೇಕಾದ್ದಕ್ಕೆ ನಿಮ್ಮ ಕೈ ಹಿಡಿದು ಎಳೆದೊಯ್ಯುತ್ತದೆ. ಆಟಿಕೆಯ ಕಾರಿನ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುತ್ತದೆ. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡು ಚೀರುತ್ತದೆ. ಮಾತು ಬರುವುದು ತಡ. ಕೆಲವರಿಗೆ ಬರುವುದೇ ಇಲ್ಲ. ಇನ್ನು ಕೆಲವರಿಗೆ ಚೆನ್ನಾಗಿಯೇ ಬರುತ್ತದೆ, ಆದರೆ ಎದುರಿಗಿರುವವರ ಜೊತೆ ಮಾತು ಕೂಡುವುದಿಲ್ಲ. ಇದು ಮೆದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ಹುಟ್ಟಿನಿಂದಲೇ ಬರುವಂಥದ್ದು. ಅಂಟುವ ಕಾಯಿಲೆಯಲ್ಲ, ದೃಷ್ಟಿ ತಗುಲಿದ್ದಲ್ಲ, ಲಸಿಕೆಯಿಂದ ಬಂದದ್ದೂ ಅಲ್ಲ. ಲಸಿಕೆಯ ಮೇಲೆ ಆ ಆಪಾದನೆ ಹೊರಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಈಗ ಕಥೆಗೆ ಬರೋಣ. 1943ನೇ ಇಸವಿ. ಅಮೆರಿಕದ ಬಾಲ್ಟಿಮೋರ್ ನಗರ. ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಹನ್ನೊಂದು ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಅನ್ನು ಒಂದು ಪ್ರತ್ಯೇಕ ಸ್ಥಿತಿಯಾಗಿ ಜಗತ್ತು ಗುರುತಿಸಿದ್ದು ಹೆಚ್ಚಾಗಿ ಆ ಲೇಖನದಿಂದ. ಅದರಲ್ಲಿ ಬರುವ ಮೊದಲನೇ ಹುಡುಗ ಡೊನಾಲ್ಡ್. ಅವನ ತಂದೆ ವೈದ್ಯರಿಗೆ ಮೂವತ್ತಕ್ಕೂ ಹೆಚ್ಚು ಪುಟದ ಕಾಗದ ಬರೆದು ಕಳಿಸಿದ್ದರು. ಮಗು ಯಾವಾಗ ಏನು ಮಾಡಿತು, ಏನು ತಿಂದಿತು, ಯಾವ ಮಾತನ್ನು ಎಷ್ಟು ಸಲ ಹೇಳಿತು ಎಂಬುದೆಲ್ಲ ಅದರಲ್ಲಿತ್ತು. ಕ್ಯಾನರ್ ಅವರ ಲೇಖನ ನಿಂತದ್ದು ಬಹುಪಾಲು ಇಂಥ ಅಪ್ಪ ಅಮ್ಮಂದಿರು ಕಂಡು ಹೇಳಿದ ವಿವರಗಳ ಮೇಲೆ.

ಆದರೆ ನೋಡಿ, ಅದೇ ಲೇಖನದ ಕೊನೆಯಲ್ಲಿ ಒಂದು ಸಂಶಯವೂ ಸೇರಿಕೊಂಡಿತು. ಈ ಮಕ್ಕಳ ತಂದೆ ತಾಯಿಗಳು ಓದಿದವರು, ಲೆಕ್ಕಾಚಾರದವರು, ಪ್ರೀತಿಯಲ್ಲಿ ಅಷ್ಟು ಬೆಚ್ಚಗಿನವರಲ್ಲ ಎಂಬ ಸಂಶಯ. ಮಗು ಹುಟ್ಟುವಾಗಲೇ ಹೀಗಿರುತ್ತದೆ ಎಂದು ಅದೇ ಕ್ಯಾನರ್ ಅದೇ ಲೇಖನದಲ್ಲಿ ಬರೆದಿದ್ದರು. ಆ ಮಾತು ಮೂಲೆಗೆ ಸರಿಯಿತು. ಸಂಶಯವೇ ಬೆಳೆಯಿತು. ಕೆಲವೇ ವರ್ಷಗಳಲ್ಲಿ ‘ಫ್ರಿಜ್ ತಾಯಂದಿರು’ ಎಂಬ ಅಡ್ಡಹೆಸರು ಹುಟ್ಟಿಕೊಂಡಿತು. ತಾಯಿಯ ಮನಸ್ಸು ತಣ್ಣಗಿರುವುದರಿಂದ ಮಗು ತನ್ನೊಳಗೆ ಮುದುಡಿಕೊಂಡಿದೆ ಎಂಬ ಅರ್ಥದಲ್ಲಿ. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬವರು ಇದನ್ನೇ ಒಂದು ದೊಡ್ಡ ಪುಸ್ತಕವಾಗಿಸಿದರು. ಮಗುವನ್ನು ತಾಯಿಯಿಂದ ದೂರ ಇಡುವುದೇ ಚಿಕಿತ್ಸೆ ಎಂದು ನಂಬಿದ ಕಾಲ ಅದು. ಒಂದು ತಲೆಮಾರಿನ ತಾಯಂದಿರು ಆ ಹೊರೆ ಹೊತ್ತರು.

ಈ ಅಪವಾದವನ್ನು ಕಿತ್ತುಹಾಕಿದ್ದು ಯಾರು? ಕೆಲವು ಮನೋವೈದ್ಯರು ಮತ್ತು ಕೆಲವು ತಂದೆ ತಾಯಿಗಳು. ಕೆಲವೊಮ್ಮೆ ಒಬ್ಬರೇ ಎರಡೂ ಆಗಿದ್ದರು. ಲಂಡನ್ನಿನ ಲೋರ್ನಾ ವಿಂಗ್ ಮನೋವೈದ್ಯೆ. ಅವರ ಮಗಳಿಗೇ ಆಟಿಸಂ ಇತ್ತು. 1962ರಲ್ಲಿ ಬ್ರಿಟನ್ನಿನಲ್ಲಿ ಪೋಷಕರ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಆಟಿಸಂ ಎಂದರೆ ಒಂದೇ ಅಚ್ಚಿನ ಮಕ್ಕಳಲ್ಲ, ತೀವ್ರವಾದದ್ದರಿಂದ ಸೌಮ್ಯವಾದದ್ದರವರೆಗೆ ಹರಡಿದ ಒಂದು ಪಟ್ಟಿ ಎಂದು ತೋರಿಸಿಕೊಟ್ಟವರು ಅವರೇ. 1964ರಲ್ಲಿ ಅಮೆರಿಕದ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು ತಾಯಿಯನ್ನು ದೂರುವ ವಾದವನ್ನು ಪುಸ್ತಕ ಬರೆದು ಖಂಡಿಸಿದರು. ಅವರ ಮಗನಿಗೂ ಆಟಿಸಂ. 1969ರಲ್ಲಿ ಕ್ಯಾನರ್ ಅವರೇ ಪೋಷಕರ ಸಭೆಯೊಂದರಲ್ಲಿ ಎದ್ದು ನಿಂತು, ನಿಮ್ಮ ಮೇಲೆ ತಪ್ಪಿಲ್ಲ ಎಂದರು. ಕೊನೆಗೆ 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ ಎಂಬ ಇಬ್ಬರು ಮನೋವೈದ್ಯರು ಇಪ್ಪತ್ತರಷ್ಟು ಜೋಡಿ ಅವಳಿಗಳನ್ನು ಪರೀಕ್ಷಿಸಿದರು. ಆಟಿಸಂ ಎರಡೂ ಮಕ್ಕಳಲ್ಲಿ ಕಂಡದ್ದು ತದ್ರೂಪಿ ಅವಳಿಗಳಲ್ಲಿ ಮಾತ್ರ. ಮೂಲ ವಂಶವಾಹಿಯಲ್ಲಿದೆ, ಲಾಲನೆ ಪಾಲನೆಯಲ್ಲಲ್ಲ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿತು.

ಪುಸ್ತಕದಲ್ಲಿ ತೀರ್ಪು ಬದಲಾಯಿತು. ಮನೆಗಳಲ್ಲಿ ಬದಲಾಯಿತೇ? ನಮ್ಮ ಕಡೆಯದನ್ನೇ ನೋಡಿ. ಎರಡೂವರೆ ವರ್ಷದ ಹುಡುಗ ಮಾತಾಡುತ್ತಿಲ್ಲ. ಅಜ್ಜಿ ಹೇಳುತ್ತಾರೆ, ‘ಗಂಡು ಮಕ್ಕಳಿಗೆ ಮಾತು ತಡ, ಇವರಪ್ಪನೂ ಹಾಗೇ ಇದ್ದ. ಬಜೆ ತೇಯ್ದು ನಾಲಿಗೆಗೆ ಹಚ್ಚು.’ ಹಚ್ಚಿದ್ದಾಯಿತು. ಮೂರು ವರ್ಷವಾಯಿತು. ಈಗ ಮಾತಿನ ಧಾಟಿ ಬದಲಾಗುತ್ತದೆ. ‘ಇವಳು ಕೆಲಸಕ್ಕೆ ಹೋಗ್ತಾಳಲ್ಲ, ಮಗು ಹತ್ತಿರ ಮಾತಾಡೋರು ಯಾರು?’ ‘ಕೈಗೆ ಮೊಬೈಲ್ ಕೊಟ್ಟು ಕೂರಿಸಿದ್ರೆ ಇನ್ನೇನಾಗುತ್ತೆ?’ ಕೆಲಸಕ್ಕೆ ಹೋಗದವಳಾದರೆ, ‘ಮನೇಲೇ ಇದ್ದುಕೊಂಡು ಇಷ್ಟೂ ಕಲಿಸಕ್ಕಾಗಲ್ವಾ?’ ಹೇಗೆ ತಿರುಗಿಸಿದರೂ ಬೆರಳು ಒಬ್ಬಳ ಕಡೆಗೇ. ಬೆಟಲ್‌ಹೈಮ್ ಹೆಸರು ಕೇಳದ ಊರಿನಲ್ಲೂ ಬೆಟಲ್‌ಹೈಮ್ ಇದ್ದಾನೆ.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಆಟಿಸಂ ಹುಟ್ಟಿನಿಂದ ಬರುವ ವ್ಯತ್ಯಾಸ. ವೈದ್ಯಶಾಸ್ತ್ರ ಕೆಲವು ದಶಕ ಅದನ್ನು ತಾಯಿಯ ತಲೆಗೆ ಕಟ್ಟಿತು, ಆಮೇಲೆ ತಿದ್ದಿಕೊಂಡಿತು. ಇನ್ನು, ನಮ್ಮ ದೇಶದಲ್ಲಿ ಇಂಥ ಮಕ್ಕಳು ಎಷ್ಟು, ವೈದ್ಯರು ಎಷ್ಟು ಎಂಬ ಲೆಕ್ಕ.

ದಿಲ್ಲಿಯ ಇನ್‌ಕ್ಲೆನ್ ಎಂಬ ಸಂಶೋಧನಾ ಸಂಸ್ಥೆ ಇದನ್ನು ಎಣಿಸಿತು. ಹರಿಯಾಣದ ಪಲ್‌ವಲ್, ಹಿಮಾಚಲದ ಕಾಂಗ್ರಾ, ಒಡಿಶಾದ ಢೇಂಕನಾಲ್, ಉತ್ತರ ಗೋವಾ, ಹೈದರಾಬಾದ್ ಹೀಗೆ ಐದು ಕಡೆ. ಎರಡರಿಂದ ಒಂಬತ್ತು ವರ್ಷದ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಪರೀಕ್ಷಿಸಿದರು. ಫಲಿತಾಂಶ ಬಂದದ್ದು 2018ರಲ್ಲಿ. ಆಟಿಸಂ, ಮೂರ್ಛೆರೋಗ, ಕಿವುಡು, ಮಾತಿನ ತೊಂದರೆ, ಬುದ್ಧಿ ಬೆಳವಣಿಗೆಯ ಕೊರತೆ, ಕಲಿಕೆಯ ತೊಂದರೆ ಇವೆಲ್ಲ ಸೇರಿದರೆ, ಆರು ವರ್ಷದೊಳಗಿನವರಲ್ಲಿ ನೂರಕ್ಕೆ 9 ಮಕ್ಕಳು. ಆರು ದಾಟಿದವರಲ್ಲಿ ನೂರಕ್ಕೆ 14ರ ಹತ್ತಿರ. ಒಟ್ಟಾರೆ ಎಂಟು ಮಕ್ಕಳಲ್ಲಿ ಒಂದಕ್ಕೆ ಎನ್ನಬಹುದು. ಬರೀ ಆಟಿಸಂ ತೆಗೆದುಕೊಂಡರೆ ನೂರಕ್ಕೆ ಒಂದರ ಆಸುಪಾಸು. ಐನೂರು ಮಕ್ಕಳಿರುವ ಶಾಲೆ ಇದ್ದರೆ ನಾಲ್ಕೈದು ಮಕ್ಕಳು. ಇವರು ಶಾಲೆಗೆ ಬಂದಿದ್ದಾರೋ, ಮನೆಯಲ್ಲೇ ಉಳಿದಿದ್ದಾರೋ ಎಂಬುದು ಬೇರೆ ಪ್ರಶ್ನೆ.

ಮನೋವೈದ್ಯರೋ, ಲಕ್ಷ ಜನಕ್ಕೆ ಒಬ್ಬರೂ ಇಲ್ಲ. ಅವರಲ್ಲಿ ಮಕ್ಕಳ ಮನೋವೈದ್ಯರು ಬೆರಳೆಣಿಕೆ. ಬೆಂಗಳೂರಿನ ನಿಮ್ಹಾನ್ಸ್, ದಿಲ್ಲಿಯ ಏಮ್ಸ್ ಇಂಥ ಕಡೆ ತಜ್ಞರಿದ್ದಾರೆ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಆಯಿಷ್ ಇದೆ. ಅಲ್ಲಿಗೆ ಹೋಗಿ ಸರದಿ ಕಾಯಬೇಕು. ಒಂದು ಸಲ ಹೋದರೆ ಮುಗಿಯುವುದೂ ಇಲ್ಲ. ಯಾದಗಿರಿಯ ಕೂಲಿಯವರು ತಿಂಗಳಿಗೆರಡು ಸಲ ಬೆಂಗಳೂರಿಗೆ ಹೇಗೆ ಬರುತ್ತಾರೆ?

ವಿಕ್ರಮ್ ಪಟೇಲ್ ಅವರ ಕೆಲಸ ಶುರುವಾಗುವುದು ಈ ಲೆಕ್ಕದಿಂದಲೇ. ತೊಂಬತ್ತರ ದಶಕದ ಆರಂಭದಲ್ಲಿ ಅವರು ಆಫ್ರಿಕದ ಜಿಂಬಾಬ್ವೆಯಲ್ಲಿದ್ದರು. ಇಡೀ ದೇಶಕ್ಕೆ ಹತ್ತು ಹನ್ನೆರಡು ಮನೋವೈದ್ಯರು, ಅವರಲ್ಲಿ ಹೆಚ್ಚಿನವರು ರಾಜಧಾನಿಯಲ್ಲೇ. ಮನೋವೈದ್ಯರ ಸಂಖ್ಯೆ ಹೆಚ್ಚಲಿ ಎಂದು ಕಾಯುತ್ತ ಕೂತರೆ ರೋಗಿಗೆ ಆಯಸ್ಸು ಸಾಲದು ಎಂಬುದು ಅವರಿಗೆ ಅಲ್ಲಿ ಖಚಿತವಾಯಿತು. 1996ರಲ್ಲಿ ಗೋವಾದಲ್ಲಿ ಗೆಳೆಯರೊಂದಿಗೆ ಸಂಗಾತ್ ಎಂಬ ಸಂಸ್ಥೆ ಕಟ್ಟಿದರು. ಮಕ್ಕಳ ಬೆಳವಣಿಗೆ ಮೊದಲಿಂದಲೂ ಅದರ ಕೆಲಸಗಳಲ್ಲೊಂದು. ವೈದ್ಯರಲ್ಲದವರಿಗೆ ತರಬೇತಿ ಕೊಟ್ಟು, ಅವರಿಂದ ಮಾನಸಿಕ ಆರೋಗ್ಯದ ಸೇವೆ ಕೊಡಿಸಿ, ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಕಟ್ಟುನಿಟ್ಟಾಗಿ ಅಳೆದು ನೋಡುವುದು ಅಲ್ಲಿನ ದಾರಿ. 2003ರಲ್ಲಿ ಅವರು ಬರೆದ ಪುಸ್ತಕದ ಹೆಸರನ್ನು ಕನ್ನಡದಲ್ಲಿ ‘ಮನೋವೈದ್ಯರಿಲ್ಲದ ಕಡೆ’ ಎನ್ನಬಹುದು. ಊರಿನ ಆರೋಗ್ಯ ಕಾರ್ಯಕರ್ತರಿಗಾಗಿ ಬರೆದದ್ದು.

ಇದು ಗೋವಾದಲ್ಲೇ ಹುಟ್ಟಿದ ಹೊಸ ವಿಚಾರವೇನಲ್ಲ ಎಂದು ಇಲ್ಲಿ ಒಂದು ಮಾತು ಸೇರಿಸಬೇಕು. ಅಭಿಮಾನದಿಂದಲೇ ಸೇರಿಸುತ್ತೇನೆ. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಇದೇ ಕೆಲಸ ಮಾಡಿದ್ದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿದ್ದರು. ಎಂಬತ್ತರ ದಶಕದಲ್ಲಿ ಅದನ್ನು ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡದಾಗಿ ನಡೆಸಿದರು. ಇವತ್ತು ದೇಶದಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಬಳ್ಳಾರಿ ಮಾದರಿಯಿಂದ ಬಂದದ್ದು. ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಓದಿದ ಕೇಳುಗರಿಗೆ ಈ ಹಾದಿ ಹೊಸದಲ್ಲ. ಆದರೆ ಅಂದು ಅದರ ಗಮನ ಹೆಚ್ಚಾಗಿ ದೊಡ್ಡವರ ಮೇಲಿತ್ತು. ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗ ಇವುಗಳ ಮೇಲೆ. ಮಾತಾಡದ ಮೂರು ವರ್ಷದ ಮಗು ಆ ಪಟ್ಟಿಯಲ್ಲಿ ಹಿಂದೆ ಉಳಿಯಿತು.

ಆ ಮಗುವನ್ನು ಹೀಗೆ ಊರಿನ ಕಾರ್ಯಕರ್ತರ ಮೂಲಕ ತಲುಪಬಹುದೇ? ಇದೇ ಪ್ರಶ್ನೆ. ಉತ್ತರ ಹುಡುಕಲು ಮೂರು ಕಡೆಯ ಜನ ಕೂಡಿದರು. ಮ್ಯಾಂಚೆಸ್ಟರಿನ ಮಕ್ಕಳ ಮನೋವೈದ್ಯ ಜೊನಾಥನ್ ಗ್ರೀನ್. ಲಿವರ್‌ಪೂಲಿನಲ್ಲಿದ್ದ, ಪಾಕಿಸ್ತಾನದಲ್ಲಿ ಕೆಲಸ ಮಾಡಿದ ಮನೋವೈದ್ಯ ಆತಿಫ್ ರೆಹಮಾನ್. ಇತ್ತ ಸಂಗಾತ್‌ನಿಂದ ಮಕ್ಕಳ ವೈದ್ಯೆ ಗೌರಿ ದಿವಾನ್ ಮತ್ತು ವಿಕ್ರಮ್ ಪಟೇಲ್.

ಗ್ರೀನ್ ಅವರು ಮೊದಲೇ ಒಂದು ವಿಧಾನ ರೂಪಿಸಿದ್ದರು. ಅದರಲ್ಲಿ ಚಿಕಿತ್ಸಕರು ಮಗುವಿಗೆ ಏನೂ ಕಲಿಸುವುದಿಲ್ಲ. ತಾಯಿಯ ಜೊತೆ ಕೂರುತ್ತಾರೆ, ಅಷ್ಟೆ. ಹಾಗೆಂದರೆ ಏನು ಎಂದು ನೀವು ಕೇಳಬಹುದು. ಕಾರವಾರದ ಕಡೆಯ ಒಂದು ಮನೆಯಲ್ಲಿ ಇದು ನಡೆಯುತ್ತಿದೆ ಎಂದು ಕಲ್ಪಿಸಿಕೊಳ್ಳಿ. ನಾನು ಕಟ್ಟಿ ಹೇಳುತ್ತಿರುವ ಮನೆ ಇದು. ನಡೆಯುವ ಕ್ರಮ ಮಾತ್ರ ನಿಜವಾದದ್ದು.

ನಡುಮನೆಯಲ್ಲಿ ಚಾಪೆ ಹಾಸಿದೆ. ನಾಲ್ಕು ವರ್ಷದ ಹುಡುಗ ಸ್ಟೀಲು ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗಿರಕಿ ಹೊಡೆಸುತ್ತಿದ್ದಾನೆ. ತಾಯಿ ಎದುರಿಗೆ ಕುರ್ಚಿಯಲ್ಲಿ ಕೂತಿದ್ದಾಳೆ. ಆರೋಗ್ಯ ಕಾರ್ಯಕರ್ತೆ ಕ್ಯಾಮೆರಾ ಹಿಡಿದು ಮೂಲೆಯಲ್ಲಿ ಸುಮ್ಮನಿದ್ದಾಳೆ. ಹತ್ತು ನಿಮಿಷ ತಾಯಿ ಮಗು ಆಡಬೇಕು, ಅದು ಚಿತ್ರೀಕರಣವಾಗಬೇಕು. ತಾಯಿ ಕೇಳುತ್ತಾಳೆ, ‘ಪುಟ್ಟಾ, ಇದೇನು? ಹೇಳು. ಮುಚ್ಚಳ ಅನ್ನು. ಮುಚ್ಚಳ. ನನ್ನ ನೋಡಿ ಹೇಳು.’ ಹುಡುಗ ನೋಡುವುದಿಲ್ಲ. ಆಕೆ ಒಂದು ಚೆಂಡು ತಂದು ಮುಂದೆ ಹಿಡಿಯುತ್ತಾಳೆ. ಅವನು ಅದನ್ನು ತಳ್ಳುತ್ತಾನೆ. ಹತ್ತು ನಿಮಿಷ ಮುಗಿಯಿತು. ತಾಯಿಯ ಮುಖ ಬಾಡಿದೆ. ಪರೀಕ್ಷೆಯಲ್ಲಿ ತಾನೇ ಸೋತ ಹಾಗೆ.

ಈಗ ಕಾರ್ಯಕರ್ತೆ ಪಕ್ಕದಲ್ಲಿ ಕೂತು ಆ ಚಿತ್ರವನ್ನೇ ತೋರಿಸುತ್ತಾಳೆ. ಒಂದು ಕಡೆ ನಿಲ್ಲಿಸುತ್ತಾಳೆ. ‘ಅಕ್ಕಾ, ಇಲ್ಲಿ ನೋಡಿ. ಮುಚ್ಚಳ ಬಿತ್ತಲ್ಲ, ಆಗ ಅವನೇನು ಮಾಡಿದ?’ ತಾಯಿ ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಮತ್ತೊಮ್ಮೆ ಹಾಕಿಸುತ್ತಾಳೆ. ಮುಚ್ಚಳ ಬಿದ್ದ ಕೂಡಲೆ ಹುಡುಗ ಒಂದೇ ಒಂದು ಕ್ಷಣ ತಲೆಯೆತ್ತಿದ್ದಾನೆ. ತಾಯಿಯ ಕಡೆಗೆ. ಆ ಹೊತ್ತಿಗೆ ಆಕೆ ಚೆಂಡು ತರಲು ತಿರುಗಿದ್ದಳು. ‘ಅಯ್ಯೋ, ನೋಡಿದ್ನಲ್ಲ!’ ಎನ್ನುತ್ತಾಳೆ. ನೀವು ಹೀಗೆ ಮಾಡಬೇಕಿತ್ತು ಎಂದು ಕಾರ್ಯಕರ್ತೆ ಹೇಳುವುದಿಲ್ಲ. ‘ಅವನು ಮತ್ತೆ ಹಾಗೆ ನೋಡಿದರೆ ಏನು ಮಾಡಬಹುದು ಅಕ್ಕಾ?’ ಎಂದು ಕೇಳುತ್ತಾಳೆ.

ಮುಂದಿನ ಸಲ ತಾಯಿ ಕುರ್ಚಿಯಲ್ಲಿ ಇರುವುದಿಲ್ಲ. ಚಾಪೆಯ ಮೇಲೆ, ಅವನ ಮುಖಕ್ಕೆ ಮುಖ ಸಿಗುವಂತೆ ಕೂತಿದ್ದಾಳೆ. ಪ್ರಶ್ನೆ ಕೇಳುವುದಿಲ್ಲ. ಮುಚ್ಚಳ ತಿರುಗಿದಾಗ ‘ಗಿರ್ರ್’ ಎನ್ನುತ್ತಾಳೆ. ಬಿದ್ದಾಗ ‘ಬಿತ್ತು’ ಎನ್ನುತ್ತಾಳೆ. ಆಮೇಲೆ ಕಾಯುತ್ತಾಳೆ. ಈ ಕಾಯುವುದೇ ಕಷ್ಟದ ಕೆಲಸ ಎಂದು ಬಲ್ಲವರು ಹೇಳುತ್ತಾರೆ. ಮಾತು ಬರಲಿ ಎಂದು ಹಂಬಲಿಸುವ ತಾಯಿಗೆ ಮೌನವಾಗಿರು ಎನ್ನುವುದು ಸುಲಭವಲ್ಲ. ಮಗು ಮುಚ್ಚಳವನ್ನು ಅವಳ ಕಡೆ ಸ್ವಲ್ಪ ನೂಕಿದರೆ ಅದೇ ಮೊದಲ ಮಾತು. ಆಟಿಕೆಯೇ ಬೇಕೆಂದಿಲ್ಲ. ಬಟ್ಟೆ ಮಡಚುವಾಗ, ಚಪಾತಿ ಹಿಟ್ಟು ನಾದುವಾಗ, ಸ್ನಾನ ಮಾಡಿಸುವಾಗ ಇದೇ ನಡೆಯಬಹುದು.

ಗಮನಿಸಿ ಕೇಳುಗರೇ. ಕಲಿಸಿಲ್ಲ ಎಂಬ ಆರೋಪ ಹೊತ್ತಿದ್ದ ಅದೇ ತಾಯಿ ಇಲ್ಲಿ ಮಗುವಿನ ಸಣ್ಣ ಸನ್ನೆಯನ್ನು ಎಲ್ಲರಿಗಿಂತ ಮೊದಲು ಹಿಡಿಯಬಲ್ಲವಳು. ಮನೋವೈದ್ಯರು ಆ ಕೋಣೆಯಲ್ಲಿ ಇಲ್ಲವೇ ಇಲ್ಲ. ಕಾರ್ಯಕರ್ತೆಯ ಹಿಂದೆ, ಮೇಲ್ವಿಚಾರಕರಾಗಿ ಇದ್ದಾರೆ.

ವಿಧಾನ ಹೀಗಿದೆ. ಇದರಿಂದ ಪ್ರಯೋಜನವಾಯಿತೇ? ಬ್ರಿಟನ್ನಿನಲ್ಲಿ ತಜ್ಞರೇ ಇದನ್ನು ನಡೆಸಿದಾಗ, 150ರಷ್ಟು ಮಕ್ಕಳಲ್ಲಿ, 2010ರಲ್ಲಿ ಬಂದ ಫಲಿತಾಂಶ ಸಾಧಾರಣ. ತಾಯಿ ಮಗುವಿನ ಒಡನಾಟ ಸುಧಾರಿಸಿತ್ತು. ಆಟಿಸಂ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಆದರೆ ಸುಮಾರು ಆರು ವರ್ಷದ ಮೇಲೆ ಅದೇ ಮಕ್ಕಳನ್ನು ಮತ್ತೆ ನೋಡಿದರು. ತೀವ್ರ ಲಕ್ಷಣ ಉಳಿದಿದ್ದವರು ಈ ವಿಧಾನ ಪಡೆದ ಗುಂಪಿನಲ್ಲಿ ನೂರಕ್ಕೆ 46. ಎಂದಿನ ಚಿಕಿತ್ಸೆಯಷ್ಟೇ ಪಡೆದ ಗುಂಪಿನಲ್ಲಿ ನೂರಕ್ಕೆ 63. ಆರು ವರ್ಷ ಉಳಿದ ಪರಿಣಾಮ ಎಂಬುದು ಈ ಕ್ಷೇತ್ರದಲ್ಲಿ ಅಪರೂಪ.

ದಕ್ಷಿಣ ಏಷ್ಯಾಕ್ಕೆ ತಿದ್ದಿದ ರೂಪವನ್ನು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಪರೀಕ್ಷಿಸಿದರು. ಎರಡರಿಂದ ಒಂಬತ್ತು ವರ್ಷದ 65 ಮಕ್ಕಳು. ಸಾಮಾನ್ಯ ಕಾರ್ಯಕರ್ತರು ನಡೆಸಿಕೊಡುವ ಹನ್ನೆರಡು ಭೇಟಿ. ಈ ತಾಯಂದಿರ ಕೆಲಸ ಎರಡೂ ದೇಶಗಳಲ್ಲಿ ಒಂದೇ ಪಠ್ಯದಲ್ಲಿ ನಡೆಯಿತು ಎಂಬುದು ನನಗೆ ಇಷ್ಟವಾದ ಸಂಗತಿ. 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ತಾಯಂದಿರು ಮಗುವಿನ ಗಮನಕ್ಕೆ ಹೊಂದಿಕೊಂಡು ಮಾತಾಡುವುದು ಬಹಳ ಹೆಚ್ಚಿತ್ತು. ಮಗು ತಾನಾಗಿ ಮುಂದಾಗಿ ಸಂಪರ್ಕಿಸುವುದೂ ಹೆಚ್ಚಿತ್ತು. ಒಂದು ಅಂಶ ಮಾತ್ರ ಎಣಿಕೆಗೆ ವಿರುದ್ಧವಾಗಿ ಬಂತು. ತಾಯಿ ಮಗು ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನ ಹಂಚಿಕೊಳ್ಳುವ ಹೊತ್ತು ಕಡಿಮೆಯಾಗಿತ್ತು. ಅದನ್ನೂ ಮುಚ್ಚಿಡದೆ ಬರೆದರು. 65 ಮಕ್ಕಳು ಎಂಬುದು ಸಣ್ಣ ಸಂಖ್ಯೆಯೇ. ಇದು ಆಟಿಸಂ ವಾಸಿ ಮಾಡುತ್ತದೆ ಎಂದು ಅವರು ಹೇಳಲಿಲ್ಲ, ನಾವೂ ಹೇಳಬಾರದು. ಊರಿನ ಒಬ್ಬ ಸಾಮಾನ್ಯ ಕಾರ್ಯಕರ್ತೆ ಈ ಕೌಶಲವನ್ನು ಕಲಿತು, ತಾಯಿಗೆ ಸರಿಯಾಗಿ ದಾಟಿಸಬಲ್ಲಳು ಎಂಬುದಷ್ಟು ಸಾಬೀತಾಯಿತು.

ಅಷ್ಟಕ್ಕೇ ತಾಯಂದಿರು ತೃಪ್ತರಾದರೇ? ಇಲ್ಲ. ಮಗು ರಾತ್ರಿ ಮಲಗುವುದಿಲ್ಲ, ಅನ್ನ ಬಿಟ್ಟು ಬೇರೇನೂ ತಿನ್ನುವುದಿಲ್ಲ, ಸಂತೆಯಲ್ಲಿ ನೆಲಕ್ಕೆ ಬಿದ್ದು ಹೊರಳಾಡುತ್ತದೆ, ಇದಕ್ಕೇನು ಮಾಡಲಿ ಎಂಬುದು ದಿನದ ಪ್ರಶ್ನೆ. ಅದಕ್ಕಾಗಿ ನಿದ್ದೆ, ಊಟ, ಹಟ ಇವುಗಳ ಪಾಠಗಳನ್ನೂ ಸೇರಿಸಿ ವಿಧಾನವನ್ನು ದೊಡ್ಡದು ಮಾಡಿದರು. ಮುಂದೆ 240ರಷ್ಟು ಮಕ್ಕಳನ್ನು ಗುರಿಯಾಗಿಟ್ಟು ದಿಲ್ಲಿಯಲ್ಲೇ ಹಿರಿದಾದ ಪ್ರಯೋಗಕ್ಕೆ ಇಳಿದರು. ಇದೇ ಬಳಗದ ಕೆಲವರು ದಿಲ್ಲಿಯ ಮನೆಗಳಲ್ಲಿ ಒಂದು ಟ್ಯಾಬ್ಲೆಟ್ ಆ್ಯಪ್ ಅನ್ನೂ ಪರೀಕ್ಷಿಸಿದರು. ಆರೋಗ್ಯ ಕಾರ್ಯಕರ್ತೆ ಅದನ್ನು ಮಗುವಿನ ಮುಂದೆ ಇಡುತ್ತಾಳೆ. ಮಗು ಪರದೆಯ ಮೇಲೆ ಗುಳ್ಳೆ ಒಡೆಯುತ್ತದೆ, ಚಿತ್ರ ನೋಡುತ್ತದೆ. ಕಣ್ಣು ಎಲ್ಲಿ ನಿಂತಿತು, ಬೆರಳು ಹೇಗೆ ಚಲಿಸಿತು ಎಂದು ಯಂತ್ರ ಲೆಕ್ಕ ಇಡುತ್ತದೆ. ಯಾರನ್ನು ತಜ್ಞರ ಹತ್ತಿರ ಕಳಿಸಬೇಕು ಎಂದು ತಿಳಿಯಲು ಅದೊಂದು ಜರಡಿ, ಅಷ್ಟೆ.

ಮತ್ತೊಂದು ಸಾಲವನ್ನೂ ದಿಲ್ಲಿಯಲ್ಲೇ ನೆನೆಯಬೇಕು. ಈ ಸಂಶೋಧಕರಿಗಿಂತ ಮೊದಲೇ ತಾಯಂದಿರು ಇಲ್ಲಿ ದಾರಿ ತೋರಿದ್ದರು. 1991ರಲ್ಲಿ ಮೆರಿ ಬರುವಾ ಅವರು ಆ್ಯಕ್ಷನ್ ಫಾರ್ ಆಟಿಸಂ ಆರಂಭಿಸಿದರು. ಅವರ ಮಗನಿಗೆ ಆಟಿಸಂ ಇತ್ತು. ಈಗ ದಿಲ್ಲಿಯ ಜಸೋಲಾದಲ್ಲಿ ಅದರ ಕೇಂದ್ರವಿದೆ. ತಾಯಿ ಮಗು ಜೊತೆಯಾಗಿ ಬಂದು ಮೂರು ತಿಂಗಳು ಕಲಿಯುವ ತರಬೇತಿ ಅಲ್ಲಿ ಬಹಳ ಹಿಂದಿನಿಂದಲೂ ನಡೆದಿದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. ಪೋಷಕರು ಬಿಡದೆ ಹೋರಾಡಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು. 2016ರ ಕಾಯ್ದೆಯ 21 ಬಗೆಗಳಲ್ಲಿ ಈಗ ಅದೂ ಒಂದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ತಕರಾರು ಇದೆ. ತಾಯಿಯನ್ನು ಅಪರಾಧಿಯ ಸ್ಥಾನದಿಂದ ಇಳಿಸಿದ್ದು ಸರಿ. ಅವಳನ್ನು ಸಂಬಳವಿಲ್ಲದ ಚಿಕಿತ್ಸಕಿಯಾಗಿ ಕೂರಿಸಿ ಸರಕಾರ ಕೈ ತೊಳೆದುಕೊಳ್ಳುವುದಾದರೆ ಸರಿಯಲ್ಲ. ಹಾಗಾದರೆ ಹಳೆಯ ಅಪವಾದ ಹೊಸ ಸೀರೆ ಉಟ್ಟು ಬರುತ್ತದೆ. ‘ಅಷ್ಟು ಹೇಳಿಕೊಟ್ಟರೂ ದಿನಾ ಮಾಡಿಸಿಲ್ಲ ನೋಡು’ ಎಂದು ನಾಳೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮನೆಗೆಲಸ, ಇನ್ನೊಂದು ಮಗು, ಅತ್ತೆ ಮಾವ ಇವುಗಳ ನಡುವೆ ದಿನಕ್ಕೆ ಅರ್ಧ ಗಂಟೆ ತೆಗೆಯುವುದು ಎಷ್ಟು ಕಷ್ಟ ಎಂಬುದನ್ನು ಪ್ರಯೋಗದ ಅಂಕಿ ಹೇಳುವುದಿಲ್ಲ. ಕಾರ್ಯಕರ್ತೆಯದೂ ಅದೇ ಪಾಡು. ನಮ್ಮ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೀದಿಯಲ್ಲಿ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಈ ಕೆಲಸವನ್ನೂ ಅವರ ತಲೆಗೇ ಕಟ್ಟುವವರು, ಅದಕ್ಕೆ ಸಂಬಳವೆಷ್ಟು ಎಂದು ಮೊದಲೇ ಹೇಳಬೇಕು. ಅಪ್ಪಂದಿರು? ಅಧ್ಯಯನಗಳಲ್ಲಿ ಪೋಷಕರು ಎಂದು ಬರೆದಿರುತ್ತಾರೆ. ಚಾಪೆಯ ಮೇಲೆ ಕೂತಿರುವುದು ಬಹುಪಾಲು ತಾಯಿಯೇ.

ಇನ್ನೊಂದು ಎಚ್ಚರಿಕೆ. ಹತಾಶರಾದ ಪೋಷಕರ ಜೇಬಿಗೆ ಕೈ ಹಾಕುವವರು ಊರೂರಿನಲ್ಲಿದ್ದಾರೆ. ಲಕ್ಷಗಟ್ಟಲೆ ತೆಗೆದುಕೊಂಡು ಸ್ಟೆಮ್ ಸೆಲ್ ಚಿಕಿತ್ಸೆ ಮಾಡುತ್ತಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಹೊಲ ಮಾರಿ ಮಾಡಿಸಬೇಡಿ.

ಹಾಗಾದರೆ ಎಲ್ಲಿಗೆ ಹೋಗುವುದು? ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗಾಗಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅಂಗನವಾಡಿಗೂ ಶಾಲೆಗೂ ಅದರ ತಂಡ ಬರುತ್ತದೆ. ಅದರಡಿಯಲ್ಲಿ ಜಿಲ್ಲಾಸ್ಪತ್ರೆಗಳಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನು ತೆರೆದಿದ್ದಾರೆ. ಡಿಇಐಸಿ ಎಂದು ಕೇಳಿದರೆ ತೋರಿಸುತ್ತಾರೆ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಸರಕಾರಿ ಸೌಲಭ್ಯಕ್ಕೆ ಪ್ರಮಾಣಪತ್ರ ಬೇಕಾದರೆ, ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ನಮ್ಮ ದೇಶಕ್ಕೆಂದೇ ರೂಪಿಸಿದ ನಲವತ್ತು ಅಂಶಗಳ ಮಾಪಕದಿಂದ ಅಳೆಯುತ್ತಾರೆ. ಮನಸ್ಸು ಕುಸಿದರೆ ಟೆಲಿ ಮಾನಸ್‌ಗೆ ಕರೆ ಮಾಡಬಹುದು, ಸಂಖ್ಯೆ 14416. ಕನ್ನಡದಲ್ಲೇ ಮಾತಾಡುತ್ತಾರೆ. ಅದು ಮಗುವಿಗಷ್ಟೇ ಅಲ್ಲ, ನಿಮಗೂ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಒಂದು ಕೆಲಸ ಮಾಡಿ. ಮನೆಯಲ್ಲಿ ಮಗು ತನ್ನಷ್ಟಕ್ಕೆ ಆಡುವುದನ್ನು, ಊಟ ಮಾಡುವುದನ್ನು, ಹೆಸರು ಕರೆದಾಗ ಏನು ಮಾಡುತ್ತದೆ ಎಂಬುದನ್ನು ಹತ್ತು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಹೊಸ ಜಾಗದಲ್ಲಿ, ಬಿಳಿ ಕೋಟಿನ ಮುಂದೆ ಮಗು ಬೇರೆ ರೀತಿಯೇ ಇರುತ್ತದೆ. ವೈದ್ಯರಿಗೆ ಆ ಚಿತ್ರ ಬಹಳ ಉಪಯೋಗಕ್ಕೆ ಬರುತ್ತದೆ. ಮಗುವಿನ ಅಪ್ಪನಿಗೆ ಅವತ್ತು ರಜೆ ಹಾಕಲು ಹೇಳಿ. ಮೊಬೈಲು ಅವರ ಕೈಯಲ್ಲಿರಲಿ, ವೈದ್ಯರು ಕೇಳುವ ಪ್ರಶ್ನೆಗಳಿಗೆ ಅರ್ಧದಷ್ಟಾದರೂ ಅವರೇ ಉತ್ತರ ಹೇಳಲಿ.